ಮಾತ್ರೆ ಬಿಡಬೇಡಿ, ಕಷಾಯ ಬಚ್ಚಿಡಬೇಡಿ

ಎಚ್‌ಐವಿ ಮಾತ್ರೆಗಳ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆದ ಮೇಲೆ ತುಂಬಾ ಪತ್ರಗಳು ಬಂದಿವೆ. ಬಹುತೇಕ ಎಲ್ಲರದ್ದೂ ಒಂದೇ ಪ್ರಶ್ನೆ. ಆಸ್ಪತ್ರೆ ಮಾತ್ರೆ ನಡೆಯುತ್ತಿದೆ, ಅದರ ಜೊತೆ ಕಷಾಯ ಕುಡಿಯಬಹುದಾ, ನಾಟಿ ಔಷಧಿ ತಗೊಳ್ಳಬಹುದಾ, ಯೋಗ, ಎಣ್ಣೆ ಮಾಲೀಸು ಇವೆಲ್ಲ ಏನಾದರೂ ಉಪಯೋಗವಾ? ಎಚ್‌ಐವಿ ಇರುವವರು, ಹೆಪಟೈಟಿಸ್ ಬಿ ಇರುವವರು, ಟಿಬಿ ಮಾತ್ರೆ ನುಂಗುತ್ತಿರುವವರ ಮನೆಯವರು, ಎಲ್ಲರೂ ಬರೆದಿದ್ದಾರೆ. ಮತ್ತೆ ಮತ್ತೆ ಕಂಡ ಒಂದು ಸಾಲಿದೆ: "ನಮ್ಮ ಡಾಕ್ಟರನ್ನ ಕೇಳಿಲ್ಲ, ಬೈತಾರೆ." ಅದನ್ನು ಓದಿ ನನಗೆ ನಿಜಕ್ಕೂ ಸಂಕಟವಾಯಿತು. ಹಾಗಾಗಿ ಈ ಸಲ ಪೂರ್ತಿ ಜಾಗ ಈ ವಿಷಯಕ್ಕೇ.

ಪ್ರಶ್ನೆ: ಮೇಡಂ, ನನಗೆ 38 ವರ್ಷ. 11 ವರ್ಷದಿಂದ ಎಚ್‌ಐವಿಗೆ ಎಆರ್‌ಟಿ ಮಾತ್ರೆ ತಗೊಳ್ತಿದೀನಿ. ಈಗ ರಾತ್ರಿ ಒಂದೇ ಮಾತ್ರೆ. ಕಳೆದ ಸಲ ವೈರಲ್ ಲೋಡ್ ರಿಪೋರ್ಟ್‌ನಲ್ಲಿ ವೈರಸ್ ಸಿಕ್ಕಿಲ್ಲ ಅಂತ ಬಂತು. ಊರಿಗೆ ಬರುವ ಒಬ್ಬ ವೈದ್ಯರು ಅದನ್ನ ನೋಡಿ, "ರೋಗ ಹೋಗೇ ಬಿಟ್ಟಿದೆ, ಬೇರು ಮಾತ್ರ ಉಳಿದಿದೆ, ಒಂದು ಮಂಡಲ ನನ್ನ ಪುಡಿ ತಗೋ, ಇಂಗ್ಲಿಷ್ ಮಾತ್ರೆ ಬಿಡು" ಅಂದರು. 18 ಸಾವಿರ ಕೇಳ್ತಿದಾರೆ. ಮಗಳ ಕಾಲೇಜಿಗೆ ಇಟ್ಟ ದುಡ್ಡು ಇದೆ. ಕೊಡಲಾ? ಇನ್ನೊಂದು, ಸುಸ್ತು ಅಂತ ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಕೂಡ ತಗೊಳ್ತಿದೀನಿ. (ಹೆಸರು ಬೇಡ, ಬಾಗಲಕೋಟೆ ಜಿಲ್ಲೆ)

ಉತ್ತರ: ತಂಗಿ, ಆ ದುಡ್ಡು ಮಗಳ ಕಾಲೇಜಿಗೇ ಇರಲಿ. ಒಂದು ರೂಪಾಯಿ ಕೂಡ ಕೊಡಬೇಡ.

ನಿನ್ನ ರಿಪೋರ್ಟ್ ಚೆನ್ನಾಗಿದೆ, ಅದಕ್ಕೆ ಖುಷಿಪಡು. ಆದರೆ ಅದರ ಅರ್ಥ ತಿಳ್ಕೋ. ಪರೀಕ್ಷೆಗೆ ಕೊಟ್ಟ ರಕ್ತದಲ್ಲಿ ಎಣಿಸುವಷ್ಟು ವೈರಸ್ ಸಿಗಲಿಲ್ಲ, ಅಷ್ಟೇ ಅದು ಹೇಳುವುದು. ನಿಮ್ಮ ಕಡೆ ಬೇಸಿಗೆಯಲ್ಲಿ ಹೊಲ ನೋಡಿದರೆ ಒಂದು ಕಸವೂ ಕಾಣುವುದಿಲ್ಲ ಅಲ್ವಾ? ಬೀಜ ಮಣ್ಣೊಳಗೇ ಇರುತ್ತದೆ. ಒಂದು ಹದ ಮಳೆ ಬಿದ್ದರೆ ಸಾಕು, ಹೊಲ ತುಂಬಾ ಕಸ. ಈ ವೈರಸ್ಸೂ ಕೆಲವು ಜೀವಕೋಶಗಳ ಒಳಗೆ ಹಾಗೇ ಮಲಗಿರುತ್ತದೆ. ಮಾತ್ರೆ ನಿಲ್ಲಿಸಿದರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಮತ್ತೆ ಎದ್ದು ಬರುತ್ತದೆ.

ಇಲ್ಲಿ ಒಂದು ಮೋಸ ಇದೆ, ಅದು ಗೊತ್ತಿರಲಿ. ಮಾತ್ರೆ ಬಿಟ್ಟ ಮೊದಲ ತಿಂಗಳು ಎರಡು ತಿಂಗಳು ಹೆಚ್ಚಿನವರಿಗೆ ಹೊರಗೆ ಏನೂ ಗೊತ್ತಾಗುವುದಿಲ್ಲ. ಕೆಲವರಿಗೆ ಇನ್ನೂ ಹಗುರ ಅನ್ನಿಸುತ್ತದೆ. ಆಗ ಪುಡಿ ಕೊಟ್ಟವರು "ನೋಡಿದ್ಯಾ?" ಅಂತಾರೆ. ಹೆಸರಿಲ್ಲದ ಕೆಲವು ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದೂ ಉಂಟು. ಅಂಥದ್ದು ತಿಂದರೆ ಹಸಿವು ಜಾಸ್ತಿಯಾಗುತ್ತದೆ, ಮುಖ ತುಂಬಿಕೊಳ್ಳುತ್ತದೆ, ನೋಡಿದವರು ಮೈ ಬಂತು ಅಂತಾರೆ. ಒಳಗೆ ಸಿಡಿ4, ಅಂದರೆ ರೋಗದ ವಿರುದ್ಧ ಹೋರಾಡುವ ರಕ್ತಕಣಗಳ ಎಣಿಕೆ, ಇಳಿಯುತ್ತಾ ಹೋಗುತ್ತದೆ. 2006ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನವಿದೆ, 33 ದೇಶಗಳ ಐದು ಸಾವಿರಕ್ಕೂ ಹೆಚ್ಚು ಜನ ಅದರಲ್ಲಿದ್ದರು. ಡಾಕ್ಟರುಗಳೇ ನೋಡಿಕೊಳ್ಳುತ್ತಾ, ಸಿಡಿ4 ಚೆನ್ನಾಗಿದ್ದಾಗ ಮಾತ್ರೆ ನಿಲ್ಲಿಸಿ, ಇಳಿದಾಗ ಮತ್ತೆ ಶುರು ಮಾಡಿ ನೋಡಿದರು. ಹಾಗೆ ಬಿಟ್ಟು ಬಿಟ್ಟು ತೆಗೆದುಕೊಂಡವರಲ್ಲಿ ಗಂಭೀರ ಸೋಂಕು ಅಥವಾ ಸಾವಿನ ಅಪಾಯ ಎರಡೂವರೆ ಪಟ್ಟು ಹೆಚ್ಚಿತ್ತು. ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಅಷ್ಟು ಕಾವಲಿದ್ದೂ ಹೀಗಾದರೆ ಹಳ್ಳಿಯಲ್ಲಿ ಒಂದು ಪೊಟ್ಟಣ ಪುಡಿ ನಂಬಿ ಬಿಟ್ಟವರ ಗತಿ ಏನು ಹೇಳು.

ಏಡ್ಸ್ ವಾಸಿ ಮಾಡುತ್ತೇನೆ ಅಂತ ಔಷಧಿ ಮಾರಲು ನಮ್ಮ ದೇಶದ ಕಾನೂನಿನಲ್ಲಿ ಅವಕಾಶವೇ ಇಲ್ಲ. 1945ರ ಔಷಧ ನಿಯಮಗಳಲ್ಲಿ ಶೆಡ್ಯೂಲ್ ಜೆ ಅಂತ ಒಂದು ಪಟ್ಟಿ ಇದೆ. ವಾಸಿ ಮಾಡುತ್ತೇವೆ ಅಂತ ಹೇಳಿಕೊಳ್ಳಬಾರದ ಕಾಯಿಲೆಗಳ ಪಟ್ಟಿ. ಅದರಲ್ಲಿ ಮೊದಲ ಹೆಸರೇ ಏಡ್ಸ್. ನಿನ್ನ ಮಾತ್ರೆಯನ್ನು ಸರ್ಕಾರ 2004ರಿಂದ ಪುಕ್ಕಟೆ ಕೊಡುತ್ತಿದೆ. ಅದು ಪುಕ್ಕಟೆ ಅಂತ ಅಗ್ಗ ಅಂದ್ಕೋಬೇಡ. ನಿನ್ನನ್ನು ಇಷ್ಟು ವರ್ಷ ಉಳಿಸಿದ್ದು ಅದೇ.

ಇನ್ನು ಕ್ಯಾಲ್ಸಿಯಂ, ಕಬ್ಬಿಣ. ಇದು ಸಣ್ಣ ವಿಷಯ ಅಂತ ನೀನು ಕೊನೆಗೆ ಬರೆದಿದ್ದೀಯ, ನನಗೆ ಇದೇ ಮುಖ್ಯ. ಈಗ ಹೆಚ್ಚಿನವರಿಗೆ ಕೊಡುವ ಆ ಒಂದು ಮಾತ್ರೆಯಲ್ಲಿ ಡೊಲುಟೆಗ್ರಾವಿರ್ ಅನ್ನುವ ಔಷಧಿ ಇರುತ್ತದೆ. ಕ್ಯಾಲ್ಸಿಯಂ, ಕಬ್ಬಿಣ, ಸತು, ಮೆಗ್ನೀಸಿಯಂ ಹೊಟ್ಟೆಯಲ್ಲಿ ಅದಕ್ಕೆ ಅಂಟಿಕೊಂಡು ಬಿಡುತ್ತವೆ, ರಕ್ತಕ್ಕೆ ಸೇರಲು ಬಿಡುವುದಿಲ್ಲ. ಮಾತ್ರೆ ನುಂಗಿದ್ದೀಯ, ಆದರೆ ಪೂರ್ತಿ ಕೆಲಸ ಮಾಡಲಿಲ್ಲ. ಉಪಾಯ ಸುಲಭ. ಎಚ್‌ಐವಿ ಮಾತ್ರೆ ರಾತ್ರಿ ಊಟ ಆದ ಮೇಲೆ, ಕ್ಯಾಲ್ಸಿಯಂ ಮತ್ತು ಕಬ್ಬಿಣ ಬೆಳಗ್ಗೆ ತಿಂಡಿ ಹೊತ್ತಿಗೆ. ಗ್ಯಾಸ್‌ಗೆ ಅಂತ ಕುಡಿಯುವ ಬಾಟಲಿಯ ಔಷಧಿಗೂ ಇದೇ ಮಾತು, ಅದರಲ್ಲಿ ಅಲ್ಯುಮಿನಿಯಂ, ಮೆಗ್ನೀಸಿಯಂ ಎರಡೂ ಇರುತ್ತವೆ. ಎಚ್‌ಐವಿ ಮಾತ್ರೆ ಅದಕ್ಕಿಂತ ಎರಡು ಗಂಟೆ ಮೊದಲು ಆಗಬೇಕು, ಇಲ್ಲವೇ ಅದು ಕುಡಿದು ಆರು ಗಂಟೆ ಕಳೆದಿರಬೇಕು. ಮತ್ತೆ ಸುಸ್ತು ಯಾಕೆ ಅಂತ ನೋಡಿಸಿಕೋ, ಹಿಮೋಗ್ಲೋಬಿನ್ ಒಂದು ಸಲ ಮಾಡಿಸು. ಸುಮ್ನೆ ಟಾನಿಕ್ ಕುಡಿಯುತ್ತಾ ಕೂರಬೇಡ.

ಪ್ರಶ್ನೆ: ವಯಸ್ಸು 24. ಕಾಲೇಜಿನ ರಕ್ತದಾನ ಶಿಬಿರದಲ್ಲಿ ಹೆಪಟೈಟಿಸ್ ಬಿ ಇದೆ ಅಂತ ಗೊತ್ತಾಯಿತು. ಡಾಕ್ಟರ್ "ಈಗ ಔಷಧಿ ಬೇಡ, ಆರು ತಿಂಗಳಿಗೊಮ್ಮೆ ಬಾ" ಅಂದರು. ಕಾಯಿಲೆ ಇದೆ ಅಂತಾರೆ, ಔಷಧಿ ಇಲ್ಲ ಅಂತಾರೆ! ಅಜ್ಜಿ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಡ್ತಿದ್ದಾರೆ, ಜೊತೆಗೆ ದಿನಾ ಅಮೃತಬಳ್ಳಿ ಕಷಾಯ. ಮುಂದುವರಿಸಲಾ? (ದಾವಣಗೆರೆ)

ಉತ್ತರ: ತಮ್ಮಾ, ನಿನ್ನ ಸಿಟ್ಟು ಅರ್ಥವಾಗುತ್ತದೆ. "ಈಗ ಔಷಧಿ ಬೇಡ" ಅಂತ ಹೇಳಿ ಕಳಿಸಿಬಿಟ್ಟರೆ ಯಾರಿಗಾದರೂ ಕೈಬಿಟ್ಟ ಹಾಗೆ ಅನ್ನಿಸುತ್ತದೆ. ಆ ಮಾತಿನ ಹಿಂದೆ ಕಾರಣ ಇದೆ. ವೈರಸ್ ಮೈಯಲ್ಲಿದ್ದೂ ಲಿವರ್‌ಗೆ ತೊಂದರೆ ಕೊಡದೆ ಸುಮ್ಮನಿರುವ ಹಂತ ಒಂದಿರುತ್ತದೆ. ಎಚ್‌ಬಿವಿ ಡಿಎನ್‌ಎ (ರಕ್ತದಲ್ಲಿ ವೈರಸ್ ಎಷ್ಟಿದೆ), ಎಎಲ್‌ಟಿ (ಲಿವರ್‌ಗೆ ಪೆಟ್ಟಾಗಿದೆಯಾ), ಸ್ಕ್ಯಾನ್ ನೋಡಿ, ಅದು ಏಳುತ್ತಿದೆ ಅನ್ನಿಸಿದಾಗ ಟೆನೊಫೊವಿರ್ ಅಥವಾ ಎಂಟೆಕಾವಿರ್ ಅನ್ನುವ ಮಾತ್ರೆ ಶುರು ಮಾಡುತ್ತಾರೆ. 2018ರಲ್ಲಿ ಶುರುವಾದ ರಾಷ್ಟ್ರೀಯ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಇದೂ ಉಚಿತ. ಅಂದರೆ ಆರು ತಿಂಗಳಿಗೊಮ್ಮೆ ಹೋಗುವುದೇ ಈಗ ನಿನ್ನ ಚಿಕಿತ್ಸೆ. ತಪ್ಪಿಸಬೇಡ.

ನೆಲನೆಲ್ಲಿ ವಿಷಯ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕೆಂದರೆ ನಿಮ್ಮಜ್ಜಿ ಸುಮ್ಮಸುಮ್ಮನೆ ಕೊಡುತ್ತಿಲ್ಲ. ನಮ್ಮಲ್ಲಿ ಕಾಮಾಲೆಗೆ ನೆಲನೆಲ್ಲಿ ಕೊಡುವುದು ತಲೆತಲಾಂತರದಿಂದ ಬಂದದ್ದು. 1988ರಲ್ಲಿ ಚೆನ್ನೈನ ಸಂಶೋಧಕರು ಇದೇ ಗಿಡದ ಪುಡಿಯನ್ನು ಹೆಪಟೈಟಿಸ್ ಬಿ ಇರುವವರಿಗೆ ಒಂದು ತಿಂಗಳು ಕೊಟ್ಟು, ಫಲಿತಾಂಶವನ್ನು ಲ್ಯಾನ್ಸೆಟ್ ಅನ್ನುವ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಪುಡಿ ತಿಂದ 37 ಜನರಲ್ಲಿ 22 ಜನರ ರಕ್ತದಲ್ಲಿ ವೈರಸ್‌ನ ಗುರುತು ಕಾಣಲಿಲ್ಲ. ಹೋಲಿಸಿ ನೋಡಲು ಕೊಟ್ಟ, ಔಷಧಿಯೇ ಇಲ್ಲದ ಸುಳ್ಳು ಪುಡಿ ತಿಂದ 23ರಲ್ಲಿ ಒಬ್ಬರಿಗೆ ಮಾತ್ರ ಹಾಗಾಯಿತು. ಜಗತ್ತೇ ತಿರುಗಿ ನೋಡಿತು. ಆಮೇಲೆ ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ಮಾಡಿ ನೋಡಿದರು. ಆ ಫಲ ಬರಲಿಲ್ಲ. ಎಲ್ಲ ಅಧ್ಯಯನಗಳನ್ನೂ ಒಟ್ಟಿಗೆ ಇಟ್ಟು ನೋಡಿದವರು ನಂಬುವಂಥ ಆಧಾರ ಇಲ್ಲ ಅಂತಲೇ ಹೇಳಿದ್ದಾರೆ. ನಮ್ಮ ಗಿಡವೊಂದು ಗೆಲ್ಲಲಿ ಅಂತ ನನಗೂ ಆಸೆ ಇತ್ತು.

ಹಾಗಾದರೆ ಊರಲ್ಲಿ ಅಷ್ಟು ಜನಕ್ಕೆ ಕಾಮಾಲೆ ವಾಸಿಯಾಗಿದ್ದು ಹೇಗೆ? ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾವಾಗೇ ಹೋಗುತ್ತವೆ. ಆ ಹೊತ್ತಲ್ಲಿ ಕುಡಿದ ಔಷಧಿಗೆ ಹೆಸರು ಬರುತ್ತದೆ. ಬಿ ಒಮ್ಮೆ ಮೈಯಲ್ಲಿ ನೆಲೆಯೂರಿದರೆ ಹಾಗಲ್ಲ, ವರ್ಷಗಟ್ಟಲೆ ಕೂತಿರುತ್ತದೆ.

ಅಮೃತಬಳ್ಳಿ ಇವತ್ತೇ ನಿಲ್ಲಿಸು. ಕೋವಿಡ್ ಸಮಯದಲ್ಲಿ ಮನೆಮನೆಯಲ್ಲೂ ಕುಡಿದರಲ್ಲ, ಆಗ ಮುಂಬೈನ ಡಾಕ್ಟರುಗಳು ಅಮೃತಬಳ್ಳಿ ಕುಡಿದು ಲಿವರ್ ಊದಿಕೊಂಡು ಬಂದ ಆರು ಜನರ ವಿವರ 2021ರಲ್ಲಿ ಬರೆದರು. ಮರುವರ್ಷ ದೇಶದ ಹಲವು ಆಸ್ಪತ್ರೆಗಳಿಂದ ಅಂಥ 43 ಜನರ ವರದಿ ಬಂತು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ, ಅದೇ ಜಾತಿಯ ಬೇರೆ ಬಳ್ಳಿ ಇರಬಹುದು ಅಂತ ವಾದಿಸಿತು. ವಾದ ಏನೇ ಇರಲಿ, ನಿನ್ನ ಲಿವರ್‌ನಲ್ಲಿ ಈಗಾಗಲೇ ಒಂದು ವೈರಸ್ ಕೂತಿದೆ. ಪರೀಕ್ಷೆ ಮಾಡಿ ನೋಡಲು ಅದು ಜಾಗ ಅಲ್ಲ. ಅರಿಶಿನದ ಕ್ಯಾಪ್ಸೂಲ್‌ಗೂ ಇದೇ ಉತ್ತರ, ಅದರಿಂದಲೂ ಲಿವರ್ ಕೆಟ್ಟ ವರದಿಗಳಿವೆ. ಸಾರಿಗೆ ಹಾಕುವ ಅರಿಶಿನಕ್ಕೆ ಏನೂ ಭಯ ಇಲ್ಲ.

ಅಜ್ಜಿಗೆ ಬೇರೆ ಕೆಲಸ ಕೊಡು. ಶೇಂಗಾ ಮತ್ತು ಮೆಕ್ಕೆಜೋಳ ಆರಿಸುವಾಗ ಬೂಷ್ಟು ಹಿಡಿದ, ಕಪ್ಪಾದ, ಮುದುರಿದ ಕಾಳನ್ನು ಒಂದೂ ಬಿಡದೆ ತೆಗೆಯಲಿ. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರುತ್ತದೆ, ಹೆಪಟೈಟಿಸ್ ಬಿ ಜೊತೆ ಸೇರಿದರೆ ಲಿವರ್ ಕ್ಯಾನ್ಸರ್ ಅಪಾಯ ತುಂಬಾ ಏರುತ್ತದೆ. ಶೇಂಗಾ ಚಟ್ನಿ ದಿನಾ ತಿನ್ನುವ ನಿಮ್ಮ ಕಡೆ ಇದು ದೊಡ್ಡ ಕೆಲಸವೇ. ಕುಡಿತ ಪೂರ್ತಿ ಬೇಡ. ಕಾಫಿ ಕುಡಿಯೋದಾದರೆ ಕುಡಿ, ಕಾಫಿ ಕುಡಿಯುವವರ ಲಿವರ್ ಗಟ್ಟಿಯಾಗಿ ಕೆಡುವುದು ಕಡಿಮೆ ಅಂತ ಅನೇಕ ಅಧ್ಯಯನಗಳಲ್ಲಿ ಕಂಡಿದೆ. ಮನೆಯವರೆಲ್ಲರ ರಕ್ತ ಪರೀಕ್ಷೆ ಮಾಡಿಸಿ, ಇಲ್ಲದವರಿಗೆ ಲಸಿಕೆ ಹಾಕಿಸು. ಮುಂದೆ ಮಾತ್ರೆ ಶುರುವಾದರೆ ಡಾಕ್ಟರ್ ಹೇಳದೆ ನಿಲ್ಲಿಸಬೇಡ, ಒಮ್ಮೆಲೇ ನಿಲ್ಲಿಸಿದರೆ ವೈರಸ್ ಕೆರಳಿ ಲಿವರ್ ಕುಸಿಯಬಹುದು.

ಪ್ರಶ್ನೆ: ಗಂಡನಿಗೆ ಟಿಬಿ ಅಂತ ಗೊತ್ತಾಗಿ ಒಂದು ತಿಂಗಳು. ತೂಕ 41 ಕೆಜಿ. ಸರ್ಕಾರಿ ಮಾತ್ರೆ ತಿನ್ನುತ್ತಿದ್ದಾರೆ. ಜೊತೆಗೆ ಊರಿನ ಪಂಡಿತರ ಮದ್ದು. ಅವರು ಪಥ್ಯ ಹೇಳಿದ್ದಾರೆ. ಮೀನು, ಮೊಟ್ಟೆ, ಎಣ್ಣೆ ಬೇಡ, ಬರೀ ಗಂಜಿ. ಮೂತ್ರ ಕೆಂಪಾಗಿ ಹೋಗ್ತದೆ, ಮಾತ್ರೆಯ ಉಷ್ಣ ಅಂತಾರೆ. ನಾನು ಬೀಡಿ ಕಟ್ಟುತ್ತೇನೆ, ಇಬ್ಬರು ಸಣ್ಣ ಮಕ್ಕಳು. (ಬಂಟ್ವಾಳ ತಾಲೂಕು)

ಉತ್ತರ: ಅಮ್ಮಾ, ಮೊದಲು ಮೂತ್ರದ ವಿಷಯ. ರಿಫಾಂಪಿಸಿನ್ ಅನ್ನುವ ಮಾತ್ರೆಯ ಬಣ್ಣ ಅದು. ಮೂತ್ರ, ಬೆವರು, ಕಣ್ಣೀರು ಕೂಡ ಕಿತ್ತಳೆ ಬಣ್ಣಕ್ಕೆ ತಿರುಗಬಹುದು. ಉಷ್ಣವೂ ಅಲ್ಲ, ರಕ್ತವೂ ಅಲ್ಲ, ಹೆದರಬೇಡಿ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ಊಟ ಕಂಡರೆ ಆಗದಿದ್ದರೆ ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಟಿಬಿಯ ಮೂರು ಮಾತ್ರೆಗಳು ಲಿವರ್ ಮೇಲೆ ಭಾರ ಹಾಕುತ್ತವೆ. ಅದಕ್ಕೇ ಏನಿದೆ ಅಂತ ಗೊತ್ತಿಲ್ಲದ ಮದ್ದನ್ನು ಅದರ ಮೇಲೆ ಹೇರುವುದು ಬೇಡ.

ಈಗ ಪಥ್ಯ. ಇದನ್ನು ಎಷ್ಟು ಗಟ್ಟಿಯಾಗಿ ಹೇಳಲಿ ಅಂತ ಯೋಚಿಸುತ್ತಾ ಇದ್ದೇನೆ. 41 ಕೆಜಿಯ ಗಂಡಸಿಗೆ ಬರೀ ಗಂಜಿ ಅಂದರೆ ಅದು ಅವರನ್ನು ಕೊಲ್ಲುವ ಪಥ್ಯ. ದಯವಿಟ್ಟು ನಿಲ್ಲಿಸಿ.

ನಿಮ್ಮ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರು ಜಾರ್ಖಂಡ್‌ನಲ್ಲಿ ಒಂದು ಕೆಲಸ ಮಾಡಿದರು. 2,800 ಟಿಬಿ ರೋಗಿಗಳು, ಅವರ ಮನೆಗಳ ಹತ್ತು ಸಾವಿರಕ್ಕೂ ಹೆಚ್ಚು ಜನ. ರೋಗಿಗಳಿಗೆಲ್ಲ ಮಾತ್ರೆಯ ಜೊತೆ ತಿಂಗಳಿಗೊಂದು ಆಹಾರದ ಚೀಲ, ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ. ಅರ್ಧದಷ್ಟು ಕಡೆ ಮನೆಯವರಿಗೂ ಅಕ್ಕಿ, ಬೇಳೆ ಕೊಟ್ಟರು. 2023ರಲ್ಲಿ ಫಲಿತಾಂಶ ಬಂತು. ಮನೆಯವರಿಗೂ ರೇಷನ್ ಸಿಕ್ಕ ಕಡೆ ಹೊಸದಾಗಿ ಟಿಬಿ ಬರುವುದು ಸುಮಾರು 40% ಕಡಿಮೆಯಾಗಿತ್ತು. ರೋಗಿಗಳಲ್ಲಿ, ಮೊದಲ ಎರಡು ತಿಂಗಳಲ್ಲಿ ತೂಕ 5% ಏರಿದವರಿಗೆ ಸಾವಿನ ಅಪಾಯ ಸುಮಾರು 60% ಕಡಿಮೆ ಇತ್ತು. ನಿಮ್ಮ ಗಂಡನ ಲೆಕ್ಕದಲ್ಲಿ 5% ಅಂದರೆ ಎರಡು ಕೆಜಿ. ಎರಡೇ ಕೆಜಿ ಅಮ್ಮಾ. ಅಕ್ಕಿ, ಬೇಳೆ, ಎಣ್ಣೆ ಮಾಡಿದ ಕೆಲಸ ಇದು. ಮಾತ್ರೆಯ ಜೊತೆಗೆ ಯಾವ ಪೂರಕ ಚಿಕಿತ್ಸೆ ಒಳ್ಳೆಯದು ಅಂತ ನನ್ನನ್ನು ಯಾರೇ ಕೇಳಲಿ, ಟಿಬಿಗಾದರೆ ನಾನು ಮೊದಲು ಹೇಳುವುದು ಊಟ.

ಹಾಗಾಗಿ ಗಂಜಿ ಇರಲಿ, ಕುಚ್ಚಲಕ್ಕಿ ಗಂಜಿ ಒಳ್ಳೆಯದೇ. ಅದರ ಜೊತೆ ಹೆಸರುಕಾಳು ಪಲ್ಯ, ಒಂದು ಚಮಚ ತೆಂಗಿನೆಣ್ಣೆ, ದಿನಕ್ಕೆ ಎರಡು ಮೊಟ್ಟೆ, ಅಗ್ಗಕ್ಕೆ ಸಿಕ್ಕಾಗ ಬೂತಾಯಿ. ಮೀನು ತಾಜಾ ಇರಬೇಕು. ಟಿಬಿಗೆ ಕೊಡುವ ಐಸೋನಿಯಾಜಿಡ್ ಮಾತ್ರೆ ತಿನ್ನುವವರು ಹಳಸಿದ ಬಂಗುಡೆ, ಟ್ಯೂನಾ ತಿಂದರೆ ಕೆಲವೊಮ್ಮೆ ಮುಖ ಕೆಂಪೇರಿ, ತಲೆ ನೋವಾಗಿ, ಎದೆ ಡವಡವ ಅನ್ನುತ್ತದೆ. ಹಾಗಾದರೆ ಡಾಕ್ಟರಿಗೆ ಹೇಳಿ, ಮಾತ್ರೆ ಬಿಡಬೇಡಿ. ಟಿಬಿ ರೋಗಿಗೆ ಊಟಕ್ಕೆ ಅಂತ ಸರ್ಕಾರ ಕೊಡುವ ದುಡ್ಡು 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿ ಆಗಿದೆ, ಬ್ಯಾಂಕ್ ಖಾತೆಗೆ ಬರುತ್ತದೆ. ಬಂದಿದೆಯಾ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಮಕ್ಕಳಿಬ್ಬರನ್ನೂ ಪರೀಕ್ಷೆಗೆ ಕರ್ಕೊಂಡು ಹೋಗಿ, ಟಿಬಿ ಬಾರದಂತೆ ತಡೆಯುವ ಮಾತ್ರೆ ಇದೆ. ಮತ್ತೆ ನೀವೂ ಊಟ ಮಾಡಿ. ಗಂಡ ಮಕ್ಕಳಿಗೆ ಬಡಿಸಿ ಪಾತ್ರೆಯ ತಳ ಕೆರೆದು ಉಳಿದದ್ದನ್ನು ತಿನ್ನುವ ಹೆಂಗಸರನ್ನು ನಾನು ತುಂಬಾ ನೋಡಿದ್ದೇನೆ, ಆರು ತಿಂಗಳ ನಂತರ ಅವರೇ ಕೆಮ್ಮುತ್ತಾ ಬರುತ್ತಾರೆ.

ಪ್ರಶ್ನೆ: ಎಚ್‌ಐವಿ ಮಾತ್ರೆ ತಗೊಳ್ಳುವವರು ರಂಜಾನ್ ಉಪವಾಸ ಮಾಡಬಹುದೇ? ನಮಾಜ್ ನನಗೆ ನೆಮ್ಮದಿ ಕೊಡುತ್ತದೆ, ಅದು ಚಿಕಿತ್ಸೆಗೆ ಅಡ್ಡಿಯಾ? (ಕಲಬುರಗಿ)

ಉತ್ತರ: ಖಂಡಿತ ಅಡ್ಡಿ ಇಲ್ಲ ಭಾಯಿ. ದಿನಕ್ಕೊಂದು ಮಾತ್ರೆಯಾದರೆ ಇಫ್ತಾರ್ ಆದ ಮೇಲೆ ರಾತ್ರಿ ಒಂದು ಸಮಯ ಗೊತ್ತು ಮಾಡಿಕೊಳ್ಳಿ. ಟಿಬಿ, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಜೊತೆಗಿದ್ದರೆ ಮೊದಲು ಡಾಕ್ಟರನ್ನು ಕೇಳಿ. ನೆಮ್ಮದಿ ಸಿಗುತ್ತದೆ ಅಂದಿರಲ್ಲ, ಅದು ಸಣ್ಣದಲ್ಲ. ಮನಸ್ಸು ಕುಸಿದವರೇ ಮಾತ್ರೆ ಮರೆಯುವುದು ಜಾಸ್ತಿ.

ಪ್ರಶ್ನೆ: ಲಾರಿ ಓಡಿಸುತ್ತಿದ್ದೆ, ಈಗ 55. ಎಚ್‌ಐವಿ ಗೊತ್ತಾಗಿ 19 ವರ್ಷ. ವೈರಸ್ ಹಿಡಿತದಲ್ಲಿದೆ. ಆದರೆ ಪಾದ ಉರಿ, ಜೋಮು. ಚಪ್ಪಲಿ ಜಾರಿದ್ದು ಗೊತ್ತಾಗುವುದಿಲ್ಲ. ರಾತ್ರಿ ನಿದ್ದೆ ಇಲ್ಲ. ಎಣ್ಣೆ ತಿಕ್ಕಿಸಲಾ, ಸೂಜಿ ಚಿಕಿತ್ಸೆ ಮಾಡಿಸಲಾ? ಒಬ್ಬರು ಭಸ್ಮ ಕೊಡ್ತಾರಂತೆ. (ಹುಬ್ಬಳ್ಳಿ)

ಉತ್ತರ: ಅಣ್ಣಾ, ನಿಮ್ಮ ಪಾದದ ಉರಿ ಸುಳ್ಳಲ್ಲ, ವಯಸ್ಸಿನ ನೆಪವೂ ಅಲ್ಲ. ಶುರುವಿನ ವರ್ಷಗಳಲ್ಲಿ ಕೊಡುತ್ತಿದ್ದ ಸ್ಟಾವುಡಿನ್ ಅನ್ನುವ ಮಾತ್ರೆ ಅನೇಕರ ನರಗಳನ್ನು ಕೆಡಿಸಿತು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕೈಬಿಡಲು ಹೇಳಿತು. ವೈರಸ್ಸೇ ನರ ಕೆಡಿಸುವುದೂ ಉಂಟು. ಮೊದಲು ಸಕ್ಕರೆ ಮತ್ತು ಬಿ12 ನೋಡಿಸಿ. ಸಕ್ಕರೆಗೆ ಮೆಟ್‌ಫಾರ್ಮಿನ್ ತಿನ್ನುತ್ತಿದ್ದರೆ ಅದನ್ನು ಎಆರ್‌ಟಿ ಡಾಕ್ಟರಿಗೆ ಹೇಳಲೇಬೇಕು. ಡೊಲುಟೆಗ್ರಾವಿರ್ ಜೊತೆ ಅದರ ಪ್ರಮಾಣ ರಕ್ತದಲ್ಲಿ ಏರುತ್ತದೆ.

ಎಣ್ಣೆ ತಿಕ್ಕಿಸಿ. ಎಳ್ಳೆಣ್ಣೆಯೋ ಹರಳೆಣ್ಣೆಯೋ, ಮನೆಯವರು ರಾತ್ರಿ ಹತ್ತು ನಿಮಿಷ ಮೆತ್ತಗೆ ತಿಕ್ಕಿದರೆ ಹಾಯ್ ಅನ್ನಿಸುತ್ತದೆ, ನಿದ್ದೆ ಹತ್ತುತ್ತದೆ. ನರ ರಿಪೇರಿ ಆಗುತ್ತದೆ ಅಂತ ನಾನು ಹೇಳಲಾರೆ. ಆದರೆ ಬಿಸಿನೀರಲ್ಲಿ ಕಾಲಿಡುವುದು, ಬಿಸಿ ಇಟ್ಟಿಗೆ, ಬಿಸಿ ಮರಳಿನ ಶಾಖ, ಇವು ಬೇಡವೇ ಬೇಡ. ಚಪ್ಪಲಿ ಜಾರಿದ್ದು ಗೊತ್ತಾಗದ ಪಾದಕ್ಕೆ ಚರ್ಮ ಸುಟ್ಟಿದ್ದೂ ಗೊತ್ತಾಗುವುದಿಲ್ಲ. ಕಾಲು ತೊಳೆಯುವ ನೀರನ್ನು ಮೊದಲು ಮೊಣಕೈಯಿಂದ ಮುಟ್ಟಿ ನೋಡಿ. ದಿನಾ ಸಂಜೆ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಿ.

ಸೂಜಿ ಚಿಕಿತ್ಸೆಯನ್ನು ಅಮೆರಿಕದಲ್ಲಿ ಇದೇ ತೊಂದರೆಯ 250 ಜನರ ಮೇಲೆ ನೋಡಿ, ಫಲಿತಾಂಶವನ್ನು 1998ರಲ್ಲಿ ಪ್ರಕಟಿಸಿದರು. ಸುಮ್ನೆ ಬೇರೆ ಜಾಗಕ್ಕೆ ಚುಚ್ಚಿದ್ದಕ್ಕೂ ಇದಕ್ಕೂ ವ್ಯತ್ಯಾಸ ಕಾಣಲಿಲ್ಲ. ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು, ನರದ ಉರಿಗೆ ಅಂತ ನಾವು ಡಾಕ್ಟರುಗಳು ಬರೆಯುವ ಅಮಿಟ್ರಿಪ್ಟಿಲಿನ್ ಮಾತ್ರೆ ಕೂಡ ಅದೇ ಪರೀಕ್ಷೆಯಲ್ಲಿ ಗೆಲ್ಲಲಿಲ್ಲ. ಹಾಗಾಗಿ ಒಂದು ಮಾತ್ರೆ ಹಿಡಿಸದಿದ್ದರೆ ಮತ್ತೆ ಹೋಗಿ ಕೇಳಿ, ಬೇರೆಯದು ಪ್ರಯತ್ನಿಸಬಹುದು. ಭಸ್ಮ ಮಾತ್ರ ಬೇಡ ಅಣ್ಣಾ. 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಮೆರಿಕದ ಸಂಶೋಧಕರು ಇಂಟರ್ನೆಟ್‌ನಲ್ಲಿ ಮಾರುವ 193 ಆಯುರ್ವೇದ ಔಷಧಿಗಳನ್ನು ಪರೀಕ್ಷಿಸಿದಾಗ ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಭಸ್ಮದ ಹಾಗೆ ಪಾದರಸ, ಲೋಹ ಸೇರಿಸಿ ಮಾಡುವ ಔಷಧಿಗಳಲ್ಲಿ ಅದು ಇನ್ನೂ ಜಾಸ್ತಿ. ಸೀಸ ನರವನ್ನೇ ಕೆಡಿಸುತ್ತದೆ, ಪಾದರಸ ಕಿಡ್ನಿ ಕೆಡಿಸುತ್ತದೆ. ನಿಮ್ಮ ಮಾತ್ರೆಯಲ್ಲಿ ಟೆನೊಫೊವಿರ್ ಇದ್ದರೆ ಕಿಡ್ನಿ ಮೇಲೆ ಮೊದಲೇ ಒಂದು ಕಣ್ಣಿಡಬೇಕು.

ಪ್ರಶ್ನೆ: ಇದನ್ನೆಲ್ಲ ಡಾಕ್ಟರಿಗೆ ಹೇಳಿ ಅಂತೀರಿ. ಹೇಳಿದರೆ ಬೈತಾರೆ ಮೇಡಂ. ಹೇಗೆ ಹೇಳೋದು? (ಹಾಸನ)

ಉತ್ತರ: ಬೈತಾರೆ, ನಿಜ. ನಾನೂ ಬೈದಿದ್ದೇನೆ. ತುಂಬಾ ವರ್ಷಗಳ ಹಿಂದೆ ಒಬ್ಬ ಹುಡುಗ ನನ್ನ ಮುಂದೆ ಕೂತು, ಅಮ್ಮ ಬೇವಿನ ಕಷಾಯ ಕೊಡ್ತಾರೆ ಅಂದ. ಹೊರಗೆ ಉದ್ದ ಸಾಲು ಇತ್ತು, ನಾನು ರೇಗಿದೆ. ಅವನು ತಲೆ ತಗ್ಗಿಸಿ ಹೂಂ ಅಂದು ಎದ್ದು ಹೋದ. ಮುಂದಿನ ತಿಂಗಳು ಬರಲಿಲ್ಲ, ಅದರ ಮುಂದಿನ ತಿಂಗಳೂ ಬರಲಿಲ್ಲ. ಏಳು ತಿಂಗಳಾದ ಮೇಲೆ ಅವರಮ್ಮ ಎತ್ತಿಕೊಂಡ ಹಾಗೆ ಕರ್ಕೊಂಡು ಬಂದರು. ಅವನು ಉಳಿದ, ಈಗ ಚೆನ್ನಾಗಿದ್ದಾನೆ. ಆ ಕಷಾಯದಿಂದ ಅವನಿಗೆ ಏನೂ ಆಗುತ್ತಿರಲಿಲ್ಲವೇನೋ. ನನ್ನ ಮಾತಿನಿಂದ ಅವನು ಮಾತ್ರೆಯನ್ನೇ ಬಿಟ್ಟ. ಅವತ್ತಿನಿಂದ ಯಾರೇ ಬರಲಿ, ಮನೆಯಲ್ಲಿ ಬೇರೆ ಏನು ತಗೊಳ್ತಿದ್ದೀರಿ ಅಂತ ನಾನೇ ಮೊದಲು ಕೇಳುತ್ತೇನೆ.

ನೀವು ಹೀಗೆ ಮಾಡಿ. ಮನೆಯಲ್ಲಿ ತಿನ್ನುವ ಕುಡಿಯುವ ಎಲ್ಲವನ್ನೂ ಒಂದು ಕೈಚೀಲಕ್ಕೆ ಹಾಕಿ. ಟಾನಿಕ್ ಬಾಟಲಿ, ಲೇಹ್ಯದ ಡಬ್ಬಿ, ಪೇಪರ್‌ನಲ್ಲಿ ಕಟ್ಟಿದ ಪುಡಿ, ಗ್ಯಾಸ್ ಔಷಧಿ, ಎಲ್ಲ. ಡಾಕ್ಟರ ಟೇಬಲ್ ಮೇಲೆ ಇಟ್ಟು, "ನಿಮ್ಮ ಮಾತ್ರೆ ಒಂದು ದಿನವೂ ಬಿಟ್ಟಿಲ್ಲ ಸಾರ್, ಇವು ಕೂಡ ತಗೊಳ್ತಿದೀನಿ, ಯಾವುದು ಇರಲಿ, ಯಾವುದು ಬಿಡಲಿ?" ಅಂತ ಕೇಳಿ. ಮೊದಲ ಮಾತು ಕೇಳಿದರೇ ಅರ್ಧ ಸಿಟ್ಟು ಇಳಿದಿರುತ್ತದೆ. ಆದರೂ ಬೈದರೆ ಮಾತ್ರೆ ಕೊಡುವ ಕೇಂದ್ರದ ಕೌನ್ಸೆಲರ್ ಹತ್ತಿರ ಹೋಗಿ ಅದೇ ಚೀಲ ಬಿಚ್ಚಿ. ಅದೂ ಆಗದಿದ್ದರೆ ಎಚ್‌ಐವಿ ಇರುವವರು 1097ಕ್ಕೆ, ಟಿಬಿ ಇರುವವರು 1800 11 6666ಕ್ಕೆ ಫೋನ್ ಮಾಡಿ. ಎರಡೂ ಉಚಿತ.